ಮೊದಲು ನನಗೇ ಚುಚ್ಚಲಿ

ಮೈಸೂರಿಗೆ ಬಂದು ವಾರ ತುಂಬಿರಲಿಲ್ಲ. ನಂಜನಗೂಡಿನ ರಸ್ತೆಯಿಂದ ಒಳಗೆ ಸರಿದರೆ ಸಿಗುವ ಒಂದು ಸಣ್ಣ ಹಳ್ಳಿಯಲ್ಲಿ, ನಡುಹಗಲು, ಶಾಲೆಯ ಜಗಲಿಯ ಮೇಲೆ ಹೆಂಗಸರ ಗುಂಪಿನ ನಡುವೆ ಕೂತಿದ್ದೆ. ಎಲ್ಲರ ಮುಂದೆಯೂ ಒಂದೊಂದು ಮಣೆ, ಮಣೆಯ ಮೇಲೆ ಕಪ್ಪು ಹಿಟ್ಟಿನ ಉಂಡೆ, ಪಕ್ಕದಲ್ಲಿ ಬಿದಿರು ಕಡ್ಡಿಯ ಕಟ್ಟು. ಉತ್ತರ ಕರ್ನಾಟಕದ ನಮ್ಮ ಕಡೆಯ ದೇವರ ಕೋಣೆಗೂ ಮೈಸೂರಿನ ಊದುಬತ್ತಿ ಬರುತ್ತದಲ್ಲ, ಅದು ಹುಟ್ಟುವುದು ಇಂಥ ಜಗಲಿಗಳ ಮೇಲೆ, ಇಂಥ ಕೈಗಳಲ್ಲಿ. ಅವರು ಕಡ್ಡಿ ಹೊಸೆಯುತ್ತಲೇ ನನ್ನ ಹಿರಿಯ ಸಹೋದ್ಯೋಗಿ ಜಯಕ್ಕನ ಮಾತು ಕೇಳುತ್ತಿದ್ದರು.

ಜಯಕ್ಕ ಬಟ್ಟೆಯ ಚೀಲಕ್ಕೆ ಕೈಹಾಕಿ ಒಂದು ಮರದ ಕೊರಡು ತೆಗೆದು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದರು. ಆಮೇಲೆ ನಿರೋಧ್ ಪೊಟ್ಟಣವೊಂದನ್ನು ಹರಿದು, ಹಪ್ಪಳ ಲಟ್ಟಿಸುವುದು ಹೇಗೆಂದು ತೋರಿಸುವಷ್ಟೇ ಸಲೀಸಾಗಿ, ಅದನ್ನು ಆ ಕೊರಡಿಗೆ ತೊಡಿಸುವುದು ಹೇಗೆಂದು ತೋರಿಸತೊಡಗಿದರು.

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಈಗ ಎಲ್ಲರೂ ಎದ್ದು ಓಡುತ್ತಾರೆ, ಇಲ್ಲವೇ ನಮ್ಮನ್ನು ಓಡಿಸುತ್ತಾರೆ ಅಂದುಕೊಂಡೆ. ಸೆರಗಿನ ಸಂದಿಯಿಂದ ನೋಡಿದರೆ ಯಾರೂ ಎದ್ದಿರಲಿಲ್ಲ. ಮುಂದಿನ ಸಾಲಿನ ಒಬ್ಬ ಮುದುಕಿ ಕೈ ಚಾಚಿ, "ಇತ್ತಗೆ ಕೊಡವ್ವ, ಕಣ್ಣು ಸರ್ಯಾಗಿ ಕಾಣಾಕಿಲ್ಲ" ಅಂದಳು. ನಗು ಜಗಲಿಯ ತುಂಬ ಉಕ್ಕಿತು. ನಗು ನಿಂತ ಮೇಲೆ ಅದೇ ಮುದುಕಿಗೆ ಏನೋ ನೆನಪಾಗಿ, "ಮದ್ವೆ ಆಗ್ದಿರೋ ಹೆಣ್ಣೈಕ್ಳೆಲ್ಲ ಎದ್ದೋಗಿ, ನಿಮಗ್ಯಾಕೆ ಇದು" ಎಂದು ಗದರಿದಳು.

ಹೆಣ್ಣೈಕ್ಳು ಅಂದರೆ ಏನೆಂದು ನನಗೆ ಆಗ ತಿಳಿಯಲಿಲ್ಲ. ಐಕ್ಳು ಎಂದರೆ ಮಕ್ಕಳು. ಹೆಣ್ಣೈಕ್ಳು ಎಂದರೆ ನಮ್ಮ 'ಹೆಣ್ಣ ಹುಡುಗೂರು'. ಮೂಲೆಯಲ್ಲಿದ್ದ ಹುಡುಗಿಯರು ಒಬ್ಬೊಬ್ಬರೇ ಮಣೆ ಎತ್ತಿಕೊಂಡು ಹೋದರು. ಒಬ್ಬಳು ಮಾತ್ರ ಹೋಗಲಿಲ್ಲ. ಕಪ್ಪಾದ ಕೈ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಹತ್ತೊಂಬತ್ತರ ಪ್ರಾಯ. ಹೆಸರು ಪುಟ್ಟಲಕ್ಷ್ಮಿ ಎಂದು ಆಮೇಲೆ ತಿಳಿಯಿತು.

"ಮದ್ವೆ ಆದ್ಮೇಲೆ ಕಲ್ತು ಏನ್ಮಾಡದು ದೊಡ್ಡವ್ವ? ಪರೀಕ್ಸೆ ಮುಗುದ್ಮೇಲೆ ಪಾಠ ಓದ್ದಂಗೆ ಆಯ್ತದೆ" ಅಂದಳು. ಆಮೇಲೆ ಜಯಕ್ಕನ ಕಡೆ ತಿರುಗಿ ಕೇಳಿದಳು: "ಇದನ್ನ ಗಂಡ ಬ್ಯಾಡ ಅಂದ್ರೆ ಏನ್ಮಾಡದು ಮೇಡಂ?"

ಹೊಸೆಯುವ ಕೈಗಳೆಲ್ಲ ಒಮ್ಮೆಗೇ ನಿಂತವು. ಮದುವೆಯಾದವರ ಮುಖಗಳನ್ನು ನೋಡಿದೆ. ಅದು ಅವರೆಲ್ಲರ ಪ್ರಶ್ನೆಯಾಗಿತ್ತು. ಕೇಳಿದವಳು ಮಾತ್ರ ಮದುವೆಯಾಗದವಳು.

ಜಯಕ್ಕ ಕೊರಡನ್ನು ಪಕ್ಕಕ್ಕಿಟ್ಟು, "ಅದು ಕಷ್ಟ ಕಣಮ್ಮಿ. ಸುಳ್ಳು ಹೇಳಲ್ಲ. ಅದಕ್ಕೇ ಮದ್ವೆಗೆ ಮೊದ್ಲೇ ಮಾತಾಡ್ಕೋಬೇಕು" ಅಂದರು.

ಘಟಪ್ರಭೆಯ ದಂಡೆಯ ನಮ್ಮೂರಿನಲ್ಲಿ ಹುಡುಗಿಯರು ಮುಟ್ಟಾದರೆ 'ಕಾಗಿ ಮುಟ್ಟೇತಿ' ಎನ್ನುತ್ತೇವೆ, ಆ ಮಾತನ್ನೂ ದನಿ ತಗ್ಗಿಸಿಯೇ ಆಡುತ್ತೇವೆ. ಅಂಥ ಊರಿನಿಂದ ಬಂದ ನನಗೆ ಆ ಜಗಲಿ ಬೇರೆ ಲೋಕದಂತೆ ಕಂಡಿತು.

ನಾನು ಮೈಸೂರಿಗೆ ಬಂದದ್ದು ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ. ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿದ್ದ ಸೋದರಮಾವ, ಹಳ್ಳಿಯ ಹೆಣ್ಣುಮಕ್ಕಳ ಆರೋಗ್ಯದ ಕೆಲಸ ಮಾಡುವ ಸಣ್ಣದೊಂದು ಸಂಸ್ಥೆಗೆ ಜನ ಬೇಕಂತೆ ಎಂದು ಹೇಳಿಕಳಿಸಿದ. ಮನೆಯವರು ಇದು ಪೋಲಿಯೋ ಹನಿ ಹಾಕುವ ಕೆಲಸವೆಂದೇ ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಮಾವನ ಮನೆಯಲ್ಲಿ ಜಾಗ ಸಾಲದು. ಸರಸ್ವತಿಪುರಂನಲ್ಲಿ ಮಹಡಿಯ ಮೇಲೊಂದು ಖೋಲಿ ಸಿಕ್ಕಿತು. ಇಲ್ಲಿ 'ಖೋಲಿ' ಅಂದರೆ ಯಾರಿಗೂ ತಿಳಿಯದು, ರೂಮು ಅನ್ನಬೇಕು. ಮನೆಯೊಡತಿ ಸರ್ವಮಂಗಳಮ್ಮನವರದು ಹಣೆಗೆ ವಿಭೂತಿ, ಕಾಲಿಗೆ ಬೆಳ್ಳಿಯ ಕಾಲುಂಗುರ, ಬಾಯಿ ತುಂಬ ಮಾತು. "ನಿಮ್ಮ ಕಡೆ ಯಾವ ಮಠಕ್ಕೆ ನಡ್ಕೋತೀರಿ? ಲಿಂಗ ಕಟ್ಕೊಂಡಿದ್ದೀಯ ತಾನೆ?" ಎಂಬ ಎರಡು ಪ್ರಶ್ನೆಗಳಲ್ಲಿ ನನ್ನನ್ನು ಒಳಗೆ ಬಿಟ್ಟುಕೊಂಡರು. ಊರಲ್ಲಿ ಶಾಂತವ್ವ ಆಗಿದ್ದವಳು ಅವರ ಬಾಯಲ್ಲಿ ಶಾಂತಮ್ಮ ಆದೆ. ಹಳ್ಳಿಗಳಲ್ಲಿ ಶಾಂತಕ್ಕ. ಹೆಸರಿನ ಬಾಲ ಬದಲಾದರೆ ನಡಿಗೆಯೂ ಬದಲಾಗುತ್ತದೇನೋ, ಸ್ವಲ್ಪ ದಿನ ಯಾರನ್ನೋ ಕರೆಯುತ್ತಿದ್ದಾರೆ ಅನ್ನಿಸುತ್ತಿತ್ತು.

ಮೊದಲ ಭಾನುವಾರ ಹೇಗೋ ಜೋಳದ ಹಿಟ್ಟು ಹುಡುಕಿ ತಂದು ರೊಟ್ಟಿ ಬಡಿಯುತ್ತಿದ್ದೆ. ಸರ್ವಮಂಗಳಮ್ಮ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದರು. "ಏನಮ್ಮ ಅದು, ಮೇಲೆ ಯಾರೋ ಚಪ್ಪಾಳೆ ತಟ್ತಾ ಇದಾರೆ ಅಂದ್ಕೊಂಡೆ!" ರೊಟ್ಟಿ ಕೈಯಿಂದ ಕೈಗೆ ತಿರುಗುತ್ತ ಅಗಲವಾಗುವುದನ್ನು ಬಾಗಿಲಲ್ಲೇ ನಿಂತು ನೋಡಿದರು. ಒಂದು ತಿಂದು, "ಚೆನ್ನಾಗಿದೆ, ಆದ್ರೆ ದವಡೆ ನೋಯತ್ತೆ ಕಣಮ್ಮ" ಅಂದರು.

ನನ್ನ ದವಡೆಗೆ ಹಳ್ಳಿಯಲ್ಲಿ ಇದರ ತಿರುಗುಮುರುಗು ಪಾಠವಾಯಿತು. ಪುಟ್ಟಲಕ್ಷ್ಮಿಯ ತಾಯಿ ನಿಂಗಮ್ಮ ಒಂದು ಮಧ್ಯಾಹ್ನ ಊಟಕ್ಕೆ ಕೂರಿಸಿದಳು. ರಾಗಿ ಮುದ್ದೆ, ಉಪ್ಸಾರು. ಉಪ್ಸಾರು ಅಂದರೆ ಕಾಳು, ಸೊಪ್ಪು ಬೇಯಿಸಿ ಬಸಿದ ನೀರಿಗೆ ಖಾರ ಕಲಸಿಕೊಂಡು ಉಣ್ಣುವುದು. ನಾನು ಮುದ್ದೆಯನ್ನು ಅಗಿಯುತ್ತಾ ಅಗಿಯುತ್ತಾ ಕಣ್ಣಲ್ಲಿ ನೀರು ತಂದುಕೊಂಡೆ. "ಅಗೀಬ್ಯಾಡ ಕಣವ್ವ, ನುಂಗು! ರೊಟ್ಟಿ ಅನ್ಕೊಂಡ್ಯಾ?" ಎಂದು ನಿಂಗಮ್ಮ ನಕ್ಕು, ತಾನೇ ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ತೋರಿಸಿದಳು. ಗಂಡ ಸತ್ತ ಮೇಲೆ ಕೂಲಿ ಮಾಡಿ, ಕಡ್ಡಿ ಹೊಸೆದು ಒಬ್ಬಳೇ ಮಗಳನ್ನು ಸಾಕಿದ ಹೆಂಗಸು. ಮುದ್ದೆ ಗಂಟಲಿನಲ್ಲಿ ಸಲೀಸಾಗಿ ಇಳಿದ ದಿನ ನನಗೆ ಮೈಸೂರು ಸ್ವಲ್ಪ ನನ್ನದಾಯಿತು ಅನ್ನಿಸಿತು.

ಮಾತು ಮಾತ್ರ ಬೇಗ ಇಳಿಯಲಿಲ್ಲ. ನಮ್ಮ 'ಬಿಡ್ರಿ' ಇಲ್ಲಿ 'ಬುಡಿ'. ನಮ್ಮ 'ಜಡ್ಡು' ಇಲ್ಲಿ ಕಾಯಿಲೆ. 'ಜಡ್ಡು ಬಂದರೆ' ಎಂದು ನಾನು ಹೇಳಿದಾಗ ಹೆಂಗಸರು ಮುಖ ಮುಖ ನೋಡಿಕೊಂಡು, ಅಂಗೈಯಲ್ಲಿ ಕಡ್ಡಿ ಉಜ್ಜಿ ಬಂದ ಜಡ್ಡನ್ನು ತೋರಿಸಿ, "ಇದು ನಮಗೆಲ್ಲಾರ್ಗೂ ಬಂದದೆ ಕಣಕ್ಕ" ಅಂದಿದ್ದರು!

ಸರ್ವಮಂಗಳಮ್ಮನವರಿಗೆ ನನ್ನ ಕೆಲಸ ಏನೆಂದು ಗೊತ್ತಾದದ್ದು ಯಾರಿಂದಲೋ. ಅಂದು ಸಂಜೆ ಮೆಟ್ಟಿಲ ಬುಡದಲ್ಲೇ ತಡೆದರು. "ಆ ಏಡ್ಸ್ ಕಾಯಿಲೆಯವರನ್ನೆಲ್ಲ ಮುಟ್ತೀಯಾ?" ಮುಟ್ಟಿದರೆ, ಜೊತೆಗೆ ಉಂಡರೆ ಅದು ಬರುವುದಿಲ್ಲ ಎಂದು ಹಳ್ಳಿಯಲ್ಲಿ ಹೇಳುವುದನ್ನೇ ಹೇಳಿದೆ. ಕೇಳಿಸಿಕೊಂಡರು. "ಅದೆಲ್ಲ ಸರಿ. ನೀನು ಬಂದ ತಕ್ಷಣ ಸ್ನಾನ ಮಾಡಿಬಿಡು" ಅಂದರು. ಮರುದಿನದಿಂದ ನನಗೆ ಕಾಫಿ ಬೇರೆ ಲೋಟದಲ್ಲಿ ಬಂತು. ಆ ಲೋಟ ನೋಡಿದಾಗೆಲ್ಲ ಊರಿನ ಬಸ್ಸು ಹತ್ತಿಬಿಡೋಣ ಅನ್ನಿಸುತ್ತಿತ್ತು.

ಹತ್ತಲಿಲ್ಲ. ಹಳ್ಳಿಯ ಹುಡುಗಿಯರು ಬಿಡಲಿಲ್ಲ ಎಂದೇ ಹೇಳಬೇಕು. ಅಂದು ಎದ್ದು ಹೋದವರೆಲ್ಲ ಪುಟ್ಟಲಕ್ಷ್ಮಿಯ ಹಿಂದೆ ವಾಪಸು ಬಂದಿದ್ದರು. ವಾರಕ್ಕೊಮ್ಮೆ ಶಾಲೆಯ ಜಗಲಿಯಲ್ಲಿ ಸೇರುತ್ತಿದ್ದೆವು. ಮೈಯ ಬಗ್ಗೆ, ಮುಟ್ಟಿನ ಬಗ್ಗೆ, ಬೇಡ ಅನ್ನುವುದು ಹೇಗೆಂಬುದರ ಬಗ್ಗೆ ಮಾತು. 'ಬೇಡ' ಎಂಬ ಒಂದು ಮಾತನ್ನು ಜೋರಾಗಿ ಹೇಳುವ ಆಟವೊಂದಿತ್ತು. ಮೊದಲ ದಿನ ಯಾರ ದನಿಯೂ ಜಗಲಿಯ ಕಂಬ ದಾಟಲಿಲ್ಲ. ಕೆಲವೇ ತಿಂಗಳಲ್ಲಿ ಅವರು ಕೂಗಿದರೆ ರಸ್ತೆಯಲ್ಲಿ ಹೋಗುವ ಎತ್ತಿನಗಾಡಿ ನಿಲ್ಲುತ್ತಿತ್ತು.

ಮರುವರ್ಷ ಪುಟ್ಟಲಕ್ಷ್ಮಿಗೆ ಗಂಡು ಗೊತ್ತಾಯಿತು. ಹುಡುಗ ಸಿದ್ದರಾಜು, ಪಕ್ಕದ ತಾಲ್ಲೂಕಿನವನು. ದಟ್ಟಗಳ್ಳಿಯ ಹೊಸ ಬಡಾವಣೆಗಳಲ್ಲಿ ಎದ್ದೇಳುತ್ತಿದ್ದ ಮನೆಗಳಿಗೆ ಟೈಲ್ಸ್ ಹಾಕುವ ಕೆಲಸ. ಅದಕ್ಕೂ ಮೊದಲು ಗೋವೆ, ಬೊಂಬಾಯಿ ಎಂದು ದೂರದೂರಿಗೆಲ್ಲ ಹೋಗಿ ದುಡಿದಿದ್ದ. ಮೃದು ಮಾತಿನವನು. ಅವಳಿಗೂ ಒಪ್ಪಿಗೆಯಾಗಿದ್ದ.

ವೀಳ್ಯಶಾಸ್ತ್ರಕ್ಕೆ ನನ್ನನ್ನೂ ಕರೆದಿದ್ದರು. ನಮ್ಮ ಕಡೆ ನಿಶ್ಚಯ ಮಾಡುವುದು ಅನ್ನುತ್ತೇವಲ್ಲ, ಅದೇ. ಎರಡೂ ಕಡೆಯ ಹಿರಿಯರು ಎಲೆಅಡಿಕೆ ಬದಲಾಯಿಸಿಕೊಂಡರೆ ಮಾತು ಗಟ್ಟಿ. ನಿಂಗಮ್ಮನ ಸಣ್ಣ ಮನೆಯ ಪಡಸಾಲೆ ತುಂಬಿತ್ತು. ತಟ್ಟೆಯಲ್ಲಿ ಎಲೆಅಡಿಕೆ ಜೋಡಿಸಿಯಾಗಿತ್ತು. ಹುಡುಗನ ದೊಡ್ಡಪ್ಪ ಪದ್ಧತಿಯಂತೆ, "ಏನವ್ವ, ನಿಂದೇನಾದ್ರೂ ಮಾತದಾ?" ಎಂದು ನಗುತ್ತ ಕೇಳಿದರು. ಹುಡುಗಿ ತಲೆ ತಗ್ಗಿಸಿ ಇಲ್ಲ ಎನ್ನಬೇಕು, ಅಷ್ಟೇ.

"ಒಂದ್ ಮಾತದೆ ಮಾವ" ಅಂದಳು ಪುಟ್ಟಲಕ್ಷ್ಮಿ.

ಎಲ್ಲರೂ ಅವಳತ್ತ ತಿರುಗಿದರು. ಅವಳ ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. "ವೀಳ್ಯ ಬದ್ಲಾಯಿಸೋಕೆ ಮುಂಚೆ ನಾವಿಬ್ರೂ ದೊಡ್ಡಾಸ್ಪತ್ರೆಗೆ ಹೋಗಿ ರಕ್ತ ಪರೀಕ್ಸೆ ಮಾಡಿಸ್ಕೊಂಡ್ ಬತ್ತೀವಿ. ಎಚ್‌ಐವಿ ಅದಾ ಇಲ್ವಾ ಅಂತ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ದೊಡ್ಡಪ್ಪ ಎದ್ದು ನಿಂತರು. "ಏನಂದೆ? ನಮ್ಮ ಉಡುಗನ ಮೇಲೆ ಅನುಮಾನ್ವಾ?"

"ಅನುಮಾನ ಅಲ್ಲ ಮಾವ. ನಾನೂ ಮಾಡಿಸ್ಕೋತೀನಿ. ಮೊದ್ಲು ನಂಗೇ ಚುಚ್ಲಿ. ನಂಗೆ ಇದ್ರೆ ನೀವೇ ಬ್ಯಾಡ ಅಂದ್ಬುಡಿ."

"ಮನೆ ಬಾಗಿಲಿಗೆ ಕರ್ಸಿ ಮರ್ಯಾದೆ ಕಳೀತಾ ಇದ್ದೀರಾ?" ಎಂದು ಯಾರೋ ಕೂಗಿದರು. ಹೆಂಗಸರು ಮಕ್ಕಳನ್ನೆತ್ತಿಕೊಂಡರು. ನಿಂಗಮ್ಮ ಬೀಗರ ಮುಂದೆ ಕೈ ಮುಗಿದು, "ಉಡುಗಿ ತಿಳೀದೆ ಅಂದ್ಬುಡ್ತು" ಎಂದು ಅಳುತ್ತಿದ್ದಳು. ಸಿದ್ದರಾಜು ಎಲ್ಲರಿಗಿಂತ ಕೊನೆಗೆ ಎದ್ದ. ಹೊರಡುವಾಗ ಹೊಸ್ತಿಲ ಹತ್ತಿರ ನಿಂತು ಪುಟ್ಟಲಕ್ಷ್ಮಿಯನ್ನು ಒಮ್ಮೆ ನೋಡಿದ. ಅವನ ನೋಟದಲ್ಲಿ ಸಿಟ್ಟು ಇರಲಿಲ್ಲ. ನನಗೆ ಅದು ಆಗಲೇ ವಿಚಿತ್ರವೆನ್ನಿಸಿತ್ತು.

ಮನೆ ಖಾಲಿಯಾದ ಮೇಲೆ ನಿಂಗಮ್ಮ ನನ್ನ ಕಡೆ ತಿರುಗಿದಳು. ಮುದ್ದೆ ನುಂಗಲು ಕಲಿಸಿದ ಹೆಂಗಸು. "ನೀವೇ ಅವಳ ತಲೆ ಕೆಡ್ಸಿದ್ದು. ನಾಳೆಯಿಂದ ಈ ಊರ್ಗೆ ಕಾಲಿಕ್ಬ್ಯಾಡಿ. ಗಂಡಿಲ್ಲದೋಳು ಒಬ್ಬಳೇ ಮಗಳನ್ನ ದಡ ಮುಟ್ಸೋದು ಏನು ಅಂತ ನಿಮ್ಗೇನ್ ಗೊತ್ತು? ಈ ರೋಗದ ಸಂಕಟ ನಿಮ್ಮನೇಲಿ ಯಾರ್ಗಾದ್ರೂ ಬಂದದಾ?"

ಬಂದಿತ್ತು. ನನ್ನ ಅಕ್ಕನಿಗೆ ಬಂದಿತ್ತು. ಮದುವೆಯಾಗಿ ನಾಲ್ಕು ವರ್ಷಕ್ಕೆ ಭಾವ ಹೋದ, ಅವನ ಹಿಂದೆಯೇ ಅಕ್ಕ ಹೋದಳು. ಕೊನೆಯ ತಿಂಗಳು ಅವಳನ್ನು ದನದ ಕೊಟ್ಟಿಗೆಯ ಪಕ್ಕದ ಖೋಲಿಯಲ್ಲಿ ಮಲಗಿಸಿದ್ದರು. ಅವ್ವ ಹಗಲೆಲ್ಲ ಅವಳ ಕಾಲು ಒತ್ತುತ್ತ ಕೂತಿರುತ್ತಿದ್ದಳು, ಯಾರಾದರೂ ಕೇಳಿದರೆ "ಕಾಮಣಿ" ಎನ್ನುತ್ತಿದ್ದಳು, ಬರೀ ಕಾಮಾಲೆ ಎಂಬಂತೆ. ನಮ್ಮ ಮನೆಯಲ್ಲಿ ಆ ಜಡ್ಡಿನ ಹೆಸರನ್ನು ಇಂದಿಗೂ ಯಾರೂ ಆಡಿಲ್ಲ. ಅಕ್ಕನ ಮದುವೆಯ ಮಾತಿನ ದಿನವೂ ಯಾರೋ ಹಿರಿಯರು ಅವಳನ್ನು ಹೀಗೆಯೇ ಕೇಳಿದ್ದರು, ನಿನ್ನದೇನಾದರೂ ಮಾತಿದೆಯೇ ಎಂದು. ಅವಳು ತಲೆ ತಗ್ಗಿಸಿದ್ದಳು. ಏನು ಕೇಳಬಹುದೆಂದು ಅವಳಿಗೆ ಯಾರು ಹೇಳಿದ್ದರು?

ನಿಂಗಮ್ಮನಿಗೆ ಇದನ್ನೆಲ್ಲ ಹೇಳಲು ಬಾಯಿ ಬರಲಿಲ್ಲ. ಬಸ್ಸು ಹತ್ತಿ ಸರಸ್ವತಿಪುರಂಗೆ ಬಂದೆ.

ಆಮೇಲಿನ ವಾರಗಳು ಬಹಳ ಒಂಟಿ. ಆ ಹಳ್ಳಿಯ ಬಸ್ಸು ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಜಯಕ್ಕ ಬೇರೆ ಹಳ್ಳಿಗಳಿಗೆ ಕಳಿಸಿದರು. ಪುಟ್ಟಲಕ್ಷ್ಮಿಯನ್ನು ಊರವರು ಏನೇನು ಅನ್ನುತ್ತಿದ್ದಾರೆಂದು ಕಿವಿಗೆ ಬೀಳುತ್ತಿತ್ತು. ಬಜಾರಿ. ಮೀಟಿಂಗಿಗೆ ಹೋದ ಕೊಬ್ಬು. ಅವಳಿಗೇ ಏನೋ ಇರಬೇಕು, ಅದಕ್ಕೇ ಹೀಗಾಡುತ್ತಾಳೆ.

ಒಂದು ಬೆಳಿಗ್ಗೆ ನಮ್ಮ ಕಚೇರಿಯ ಗೇಟಿನ ಹೊರಗೆ ಒಬ್ಬ ಯುವಕ ಸೈಕಲ್ಲು ಹಿಡಿದು ನಿಂತಿದ್ದ. ಪ್ಯಾಂಟಿನ ಮೇಲೆ ಸಿಮೆಂಟಿನ ಕಲೆ. ಸಿದ್ದರಾಜು.

"ಆ ಪರೀಕ್ಸೆ ಎಲ್ಲಿ ಮಾಡ್ತಾರೆ ಅಕ್ಕ?" ಎಂದು ಕೇಳಿದ. "ಅವತ್ತಿಂದ ನಿದ್ದೆ ಬರ್ತಿಲ್ಲ. ಮನೇಲಿ ಬೇರೆ ಹೆಣ್ಣು ನೋಡ್ತಾವ್ರೆ. ಅವಳು ಕೇಳಿದ್ದು ತಪ್ಪಲ್ಲ ಅನ್ನುಸ್ತದೆ ನಂಗೆ. ಅವಳೂ ಬಂದ್ರೆ ಇಬ್ರೂ ಒಟ್ಗೇ ಮಾಡಿಸ್ಕೋತೀವಿ."

ಹೀಗೆ ಕೇಳಿಕೊಂಡು ತಾನಾಗಿ ಬಂದ ಗಂಡನ್ನು ನಾನು ಆವರೆಗೆ ನೋಡಿರಲಿಲ್ಲ.

ಜಯಕ್ಕ ಸುದ್ದಿ ಮುಟ್ಟಿಸಿದ ಮೇಲೆ, ಊದುಬತ್ತಿಯ ಕಟ್ಟು ಕೊಡಲು ಮೈಸೂರಿಗೆ ಬರುವ ದಿನ ಪುಟ್ಟಲಕ್ಷ್ಮಿ ಆಸ್ಪತ್ರೆಗೆ ಬಂದಳು. ಮೊದಲು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸಿದರು. ಸಮಾಲೋಚನೆ ಎನ್ನುತ್ತಾರೆ, ಫಲಿತಾಂಶ ಹೇಗೆ ಬಂದರೂ ತಾಳಿಕೊಳ್ಳಲು ಮನಸ್ಸನ್ನು ಅಣಿ ಮಾಡುವ ಮಾತುಕತೆ. ರಕ್ತ ಕೊಡುವಾಗ ಅವಳು ನಿಜಕ್ಕೂ ಮುಂದೆ ಹೋಗಿ ಮೊದಲು ತನ್ನ ತೋಳು ಚಾಚಿದಳು. ಹಿಂದೆ ನಿಂತಿದ್ದ ಅವನು ಮೆಲ್ಲಗೆ ನಕ್ಕ, ಅವಳೂ ತಿರುಗಿ ನಕ್ಕಳು. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಫಲಿತಾಂಶದ ದಿನ ಮತ್ತೆ ಬಂದರು. ಒಬ್ಬೊಬ್ಬರನ್ನೇ ಒಳಗೆ ಕರೆದರು. ನಾನು ಆವರಣದ ಹೊಂಗೆಮರದ ಕಟ್ಟೆಯ ಮೇಲೆ ಕೂತಿದ್ದೆ. ಪುಟ್ಟಲಕ್ಷ್ಮಿ ಬೇಗ ಬಂದಳು. ಸಿದ್ದರಾಜು ಬಹಳ ಹೊತ್ತಾದರೂ ಬರಲಿಲ್ಲ. ಅವಳು ಬಾಗಿಲ ಕಡೆಗೇ ನೋಡುತ್ತ ನನ್ನ ಪಕ್ಕ ಕೂತಳು. ಅವನು ಬಂದವನು ನಮ್ಮಿಂದ ಸ್ವಲ್ಪ ದೂರ ನಿಂತ.

"ನಿಂದು?" ಅಂದ.

"ಇಲ್ಲ ಅಂತ ಬಂದದೆ."

"ನಂಗೆ ಅದೆ ಅಂತೆ."

ನಾನು ಎದ್ದು ಅತ್ತ ಸರಿಯಹೋದೆ. ಪುಟ್ಟಲಕ್ಷ್ಮಿ ನನ್ನ ಸೆರಗು ಹಿಡಿದು ಕೂರಿಸಿದಳು. ಅವನಿಗೆ, "ಅಲ್ಯಾಕ್ ನಿಂತಿದ್ದೀರಿ, ಇಲ್ಲಿ ಕೂತ್ಕೊಳಿ" ಅಂದಳು. ಅವನು ಕಟ್ಟೆಯ ತುದಿಗೆ ಕೂತು ಮುಖ ಮುಚ್ಚಿಕೊಂಡ. ಹೇಗೆ ಬಂತು, ಯಾರಿಂದ ಬಂತು ಎಂದು ಅವಳು ಕೇಳಲಿಲ್ಲ. ಅವನು ಅಳುವುದು ಮುಗಿಯುವವರೆಗೂ ಕಾದಳು. ಅವಳ ಕಣ್ಣಲ್ಲೂ ನೀರಿತ್ತು. ಅವನು ಅವಳಿಗೆ ಒಪ್ಪಿಗೆಯಾಗಿದ್ದ ಹುಡುಗನಲ್ಲವೇ?

"ಮದ್ವೆ ಆಗೋಕಾಗಲ್ಲ. ನೀವು ಕೇಳೋದೂ ಇಲ್ಲ ಅಂತ ಗೊತ್ತು" ಅಂದಳು ಕಡೆಗೆ.

"ಇಲ್ಲ. ಕೇಳಲ್ಲ" ಅಂದ ಅವನು. "ಆದ್ರೆ ಊರಲ್ಲಿ ಏನಂತ ಹೇಳ್ತೀಯ? ನಮ್ಮಪ್ಪಂಗೆ ಗೊತ್ತಾದ್ರೆ ನಾನು ಉಳಿಯಾಕಿಲ್ಲ."

"ನಂಗೇ ಬ್ಯಾಡ ಅನ್ನುಸ್ತು ಅಂತ ಹೇಳ್ತೀನಿ."

"ನಿನ್ನ ಬಯ್ತಾರೆ."

"ಈಗ್ಲೂ ಬಯ್ತಾವ್ರೆ. ಬಯ್ಲಿ ಬುಡಿ. ಬೈಸ್ಕೊಂಡೋರು ಸಾಯಲ್ಲ. ನೀವು ಡಾಕ್ಟ್ರು ಹೇಳ್ದಂಗೆ ಕೇಳಿ."

ಆಸ್ಪತ್ರೆಯಿಂದ ಬಸ್ ನಿಲ್ದಾಣದವರೆಗೆ ನಾನೂ ಅವಳೂ ನಡೆದೆವು. ಆ ದಾರಿಯಲ್ಲಿ ನನಗೆ ಅಕ್ಕನ ಬಗ್ಗೆ ಹೇಳಲು ಸಾಧ್ಯವಾಯಿತು. ಅವಳು ನಡೆಯುತ್ತಲೇ ಕೇಳಿದಳು. ಬಸ್ಸು ಬಂದಾಗ, "ನಿಮ್ಮಕ್ಕನ ಹೆಸರೇನು?" ಅಂದಳು. "ಪಾರವ್ವ" ಅಂದೆ. ಎಷ್ಟೋ ವರ್ಷವಾಗಿತ್ತು ಆ ಹೆಸರನ್ನು ಜೋರಾಗಿ ಹೇಳಿ.

ಅವಳು ಹೇಳಿದಂತೆಯೇ ಮಾಡಿದಳು. ತನಗೇ ಬೇಡವೆನ್ನಿಸಿತು ಎಂದು ತಾಯಿಗೆ ಹೇಳಿದಳು. ನಿಂಗಮ್ಮ ಅವಳ ಜೊತೆ ಮಾತು ಬಿಟ್ಟಳು. ಸಿದ್ದರಾಜುವಿನ ಮನೆಯವರು ತಮ್ಮ ಹುಡುಗ ಆ ಬಜಾರಿಯಿಂದ ಪಾರಾದ ಎಂದು ಹೇಳಿಕೊಂಡರು. ಅವನು ಬೇರೆ ಮದುವೆ ಬೇಡವೆಂದು ಹಟ ಹಿಡಿದಾಗ ಅದಕ್ಕೂ ಅವಳೇ ಏನೋ ಮಾಡಿಸಿದ್ದಾಳೆಂದರು. ಮುಂದಿನ ಮೂರು–ನಾಲ್ಕು ವರ್ಷ ಅವಳನ್ನು ಕೇಳಿ ಒಂದು ಗಂಡೂ ಬರಲಿಲ್ಲ. ಸತ್ಯವನ್ನು ಒಂದೇ ಒಂದು ಸಲ ಬಾಯಿಬಿಟ್ಟಿದ್ದರೆ ಊರೇ ಅವಳ ಕಾಲಿಗೆ ಬೀಳುತ್ತಿತ್ತು. ಬಿಡಲಿಲ್ಲ. ಮೈಸೂರನ್ನು ನೋಡಲು ಬಂದವರು ಬೆಳಕಿನಲ್ಲಿ ಬೆಳಗುವ ಅರಮನೆಯ ಮುಂದೆ ಬಾಯಿ ತೆರೆದು ನಿಲ್ಲುವುದನ್ನು ಕಂಡಿದ್ದೇನೆ. ನಾನು ಹಾಗೆ ನಿಂತದ್ದು ಆ ಹುಡುಗಿಯ ಮುಂದೆ.

ಅವಳು ಖಾಸಗಿಯಾಗಿ ಹತ್ತನೆಯ ತರಗತಿ ಕಟ್ಟಿ ಪಾಸು ಮಾಡಿದಳು. ನಮ್ಮ ಸಂಸ್ಥೆಗೆ ಸೇರಿ ಸುತ್ತಲ ಹಳ್ಳಿಗಳಿಗೆ ಹೋಗತೊಡಗಿದಳು. ಒಂದು ಮಧ್ಯಾಹ್ನ ಅವಳನ್ನು ನನ್ನ ರೂಮಿಗೆ ಕರೆತಂದೆ. ಸರ್ವಮಂಗಳಮ್ಮ ಜಗಲಿಯಲ್ಲಿ ಕೂತು ಅವಳ ಜೊತೆ ಬಹಳ ಹೊತ್ತು ಮಾತಾಡಿದರು. ಅವಳು ಹೋದ ಮೇಲೆ ಅಡುಗೆಮನೆಗೆ ನನ್ನನ್ನು ಕರೆದು, ಬಾಗಿಲು ಮುಂದೆ ಮಾಡಿ ಕೇಳಿದರು: "ನನ್ನ ತಂಗಿ ಮಗಳಿಗೆ ಗಂಡು ನೋಡ್ತಾ ಇದಾರೆ ಕಣಮ್ಮ. ಆ ಪರೀಕ್ಷೆ ಎಲ್ಲಿ ಮಾಡಿಸ್ತಾರೆ? ಹುಡುಗನ ಕಡೆಯವರನ್ನ ಹೇಗೆ ಕೇಳೋದು, ನೀನೇ ಹೇಳಿಕೊಡು." ಹೇಳಿಕೊಟ್ಟೆ. ಅವತ್ತು ಕಾಫಿಯನ್ನು ತಮ್ಮ ಲೋಟದಲ್ಲೇ ಕೊಟ್ಟರು.

ಅಷ್ಟರಲ್ಲಿ ಸರ್ಕಾರದ ದೊಡ್ಡಾಸ್ಪತ್ರೆಗಳಲ್ಲಿ ಮಾತ್ರೆಗಳು ಪುಕ್ಕಟೆಯಾಗಿ ಸಿಗತೊಡಗಿದವು. ಕಡ್ಡಿಯಂತಾಗಿದ್ದವರು ಮಾತ್ರೆ ನುಂಗಿ ಮತ್ತೆ ಕೂಲಿಗೆ ಹೋಗುವುದನ್ನು ಕಣ್ಣಾರೆ ಕಂಡೆ. ಅಕ್ಕನ ಕಾಲಕ್ಕೆ ಇದು ಇರಲಿಲ್ಲ. ಸಿದ್ದರಾಜುವಿಗೂ ಒಂದು ವರ್ಷ ಮೈ ಇಳಿದು ಕೆಮ್ಮು ಹತ್ತಿತ್ತು. ಮೊದಲೇ ಗೊತ್ತಿದ್ದರಿಂದ ತಡವಾಗಲಿಲ್ಲ, ಮಾತ್ರೆ ಶುರುವಾಯಿತು. ಕೆಲವೇ ತಿಂಗಳಲ್ಲಿ ಮತ್ತೆ ಟೈಲ್ಸ್ ಹೊರುತ್ತಿದ್ದ.

ಒಂದು ದಿನ ಅವನೇ ಜಯಕ್ಕನ ಹತ್ತಿರ ಬಂದು, ಪುಟ್ಟಲಕ್ಷ್ಮಿಯ ಊರಿನಲ್ಲಿ ತಾನು ಮಾತಾಡಬೇಕು ಅಂದ. ಅಪ್ಪನಿಗೆ ಹೇಳಿಯಾಗಿತ್ತು. ಅಪ್ಪ ಎರಡು ದಿನ ಊಟ ಬಿಟ್ಟು, ಆಮೇಲೆ ತಾನೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರಂತೆ.

ಅದೇ ಶಾಲೆಯ ಜಗಲಿ. ಈ ಸಲ ಗಂಡಸರೂ ಇದ್ದರು. ನಾನು ಆ ಊರಿಗೆ ಕಾಲಿಟ್ಟು ವರ್ಷಗಳಾಗಿದ್ದವು. ಹಿಂದೆ, ಕಂಬದ ಮರೆಯಲ್ಲಿ ನಿಂತಿದ್ದೆ.

"ನಾನು ಸಿದ್ದರಾಜು. ಈ ಊರ್ಗೆ ಅಳಿಯ ಆಗ್ಬೇಕಾಗಿದ್ದೋನು" ಎಂದು ಶುರು ಮಾಡಿದ. ಗುಸುಗುಸು ಎದ್ದಿತು. "ಅವತ್ತು ನಮ್ಮೋರೆಲ್ಲ ಎದ್ದೋದ್ರು. ಆಮ್ಯಾಲೆ ನಾನೇ ಹೋಗಿ ಪರೀಕ್ಸೆ ಮಾಡಿಸ್ಕೊಂಡೆ. ನಂಗೆ ಎಚ್‌ಐವಿ ಅದೆ. ಇದು ಈ ಊರಲ್ಲಿ ಒಬ್ಬಳಿಗೇ ಗೊತ್ತಿತ್ತು. ನೀವು ಅವಳನ್ನ ಬಾಯಿಗೆ ಬಂದಂಗೆ ಅಂದ್ರಿ. ನಮ್ಮನೆಯೋರೂ ಅಂದ್ರು. ಅವಳು ಬಾಯಿ ಬುಡ್ಲಿಲ್ಲ. ಬುಟ್ಟಿದ್ರೆ ನಾನು ಅವತ್ತೇ ಕೆರೆಗೆ ಬೀಳ್ತಿದ್ದೆ. ಅವಳು ಕೇಳ್ದೇ ಇದ್ದಿದ್ರೆ ಇವತ್ತು ಅವಳೂ ನನ್ನಂಗೇ ಮಾತ್ರೆ ನುಂಗ್ತಿದ್ಲು. ಅಷ್ಟೇ ನನ್ ಮಾತು."

ನಿಂಗಮ್ಮ ಎದ್ದಳು. ಸರಸರನೆ ಮನೆಯ ಕಡೆ ನಡೆದಳು. ಸಿಟ್ಟಾಗಿ ಹೋದಳೆಂದೇ ಎಲ್ಲರೂ ತಿಳಿದರು. ಒಂದು ಚೊಂಬು ನೀರು ಹಿಡಿದು ವಾಪಸು ಬಂದು ಸಿದ್ದರಾಜುವಿನ ಕೈಗೆ ಕೊಟ್ಟಳು. "ಕುಡಿಯಪ್ಪ, ಬಿಸಿಲಲ್ಲಿ ಬಂದಿದ್ದೀಯ." ಅವನು ಚೊಂಬಿಗೆ ತುಟಿಯಿಟ್ಟು ಕಚ್ಚಿ ಕುಡಿದ. ಉಳಿದ ನೀರನ್ನು ನಿಂಗಮ್ಮ ಎಲ್ಲರ ಎದುರಿಗೆ, ಅದೇ ಚೊಂಬಿನಿಂದ, ತಾನು ಕುಡಿದಳು.

ಆಮೇಲೆ ಮಗಳ ಕಡೆ ತಿರುಗಿದಳು. "ನಂಗಾದ್ರೂ ಯೋಳ್ಬಾರ್ದಾಗಿತ್ತಾ ಕೂಸೆ?"

"ನಿನ್ ಬಾಯಿ ನಂಗೊತ್ತಿಲ್ವಾ ಅವ್ವ" ಅಂದಳು ಪುಟ್ಟಲಕ್ಷ್ಮಿ, ಅಳುತ್ತ. ಜಗಲಿ ಇಡೀ ನಕ್ಕಿತು. ನಿಂಗಮ್ಮನೂ ನಕ್ಕಳು. ಕಂಬದ ಮರೆಯಲ್ಲಿದ್ದ ನನ್ನನ್ನು ನೋಡಿ, "ನೀನ್ಯಾಕವ್ವ ಅಲ್ ನಿಂತಿದ್ದೀಯ, ಬಾ ಊಟಕ್ಕೆ" ಅಂದಳು.

ಪುಟ್ಟಲಕ್ಷ್ಮಿಗೆ ಈಗ ಮದುವೆಯಾಗಿದೆ, ರಕ್ತ ಪರೀಕ್ಷೆಗೆ ನಗುತ್ತ ಬಂದ ಒಬ್ಬ ಮೇಷ್ಟರ ಜೊತೆ. ಸಿದ್ದರಾಜು ಅವಳ ಮದುವೆಗೆ ಬಂದು ಬಡಿಸಲು ನಿಂತಿದ್ದ. ಇದನ್ನು ಬರೆಯುವ ಮುನ್ನ ಇಬ್ಬರನ್ನೂ ಕೇಳಿದ್ದೇನೆ. ಹೆಸರುಗಳನ್ನು ನಾನೇ ಬದಲಿಸಿದ್ದು. ಅವರಿಗೆ ಅದೂ ಬೇಕಿರಲಿಲ್ಲ.

ಕಳೆದ ವರ್ಷ ನಮ್ಮ ಜಿಲ್ಲೆಯಲ್ಲೂ ಇಂಥದೇ ಕೆಲಸ ಶುರುವಾಗಿ, ಹುಡುಗಿಯರ ಗುಂಪು ಕಟ್ಟಲು ನನ್ನನ್ನು ಕೆಲವು ತಿಂಗಳಿಗೆ ಕರೆಸಿದರು. ಮೊದಲ ಸಭೆ ನಮ್ಮೂರಿನಲ್ಲೇ, ಹನುಮಪ್ಪನ ಗುಡಿಯ ಹಿಂದಿನ ಬಯಲಿನಲ್ಲಿ. ಅವ್ವ ದೂರದಲ್ಲಿ, ಯಾರದೋ ಕಟ್ಟೆಯ ಮೇಲೆ, ಕೇಳಿಸಿಯೂ ಕೇಳಿಸದವಳಂತೆ ಕೂತಿದ್ದಳು. ನಾನು ಬಾಯಿ ತೆರೆದರೆ "ಎಲ್ಲರೂ ಬಂದ್ಬಿಟ್ರಾ?" ಎಂದು ಮೈಸೂರಿನ ಮಾತೇ ಬಂತು. ಹುಡುಗಿಯರು ಕಿಸಕ್ಕನೆ ನಕ್ಕು, "ಅಕ್ಕಾರು ಮೈಸೂರಾಕಿ ಆಗ್ಯಾರ" ಅಂದರು. ಮೈಸೂರಿನಲ್ಲಿ ಇಷ್ಟು ವರ್ಷದ ಮೇಲೂ ಅಂಗಡಿಯವನು "ನೀವು ಆ ಕಡೆಯೋರಾ?" ಎಂದು ಕೇಳುತ್ತಾನೆ.

ನಾನು ಅವರಿಗೆ ಪುಟ್ಟಲಕ್ಷ್ಮಿಯ ಕಥೆ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಮಾತು ತಾನಾಗಿ ಊರಿನ ಮಾತಾಯಿತು. ಮುಗಿದ ಮೇಲೆ ಮುಂದೆ ಕೂತಿದ್ದ ಒಬ್ಬ ಹುಡುಗಿ, ಅವಳಿಗೆ ಲಗ್ನ ಗೊತ್ತಾಗಿತ್ತಂತೆ, ತಡೆತಡೆದು ಕೇಳಿದಳು:

"ಅಕ್ಕಾರ, ಆಕಿ ಈಗ ಎಲ್ಲದಾಳ್ರಿ?"

"ಎಲ್ಲಿಗಿ ಹೋಗ್ತಾಳ? ನಮ್ಮೂರಾಗ ಅದಾಳ" ಅಂದೆ.

ಹುಡುಗಿಯ ಕಣ್ಣು ಅರಳಿತು. ಸುತ್ತಲಿನವರೆಲ್ಲ ಒಮ್ಮೆ ಹಿಂದೆ ತಿರುಗಿ, ಓಣಿಗಳ ಕಡೆ ನೋಡಿದರು. "ಖರೇನ? ಯಾವ ಓಣ್ಯಾಗ್ರಿ?"

ನಾನು ನಮ್ಮೂರು ಅಂದದ್ದು ಮೈಸೂರನ್ನು ಎಂದು ಆಗಷ್ಟೇ ಹೊಳೆದು, ಅವರೆಲ್ಲರ ಜೊತೆ ನಾನೂ ತಿರುಗಿ ನೋಡಿದೆ.